ಮುನ್ನೂರು ಹಸುಗಳ ಲೆಕ್ಕ

(ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಒಂದೆರಡು ಕಡೆ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಅಜ್ಜಿ ಕಥೆ ಹೇಳುವಾಗ ಒಂದು ಷರತ್ತು ಹಾಕುತ್ತಿದ್ದಳು. ಕೇಳುವವರು ನಡುನಡುವೆ ‘ಹೂಂ’ ಅನ್ನಬೇಕು. ‘ಹೂಂ’ ನಿಂತರೆ ಕಥೆಯೂ ನಿಲ್ಲುತ್ತಿತ್ತು. “ನಿದ್ದೆ ಬಂತೇನ್ರೋ?” ಎಂದು ಒಂದು ಸಲ ಕೇಳಿ ದೀಪ ಆರಿಸಿಬಿಡುತ್ತಿದ್ದಳು. ನಾವು ಮೂರು ಮಕ್ಕಳು. ನಾನು ನಡುವಿನವನು. ಹಬ್ಬಕ್ಕೆ ಅಣ್ಣನಿಗೆ ಹೊಸ ಅಂಗಿ. ನನಗೆ ಅಣ್ಣನ ಹಳೇ ಅಂಗಿ. ತಮ್ಮನ ಸರದಿ ಬರುವಷ್ಟರಲ್ಲಿ ಅದು ಹರಿದು ಹೋಗಿರುತ್ತಿತ್ತು, ಹಾಗಾಗಿ ಅವನಿಗೆ ಮತ್ತೆ ಹೊಸದು. ನಡುವಿನವರಾಗಿ ಹುಟ್ಟಿದವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಆಮೇಲೆ ಗೊತ್ತಾಗುತ್ತದೆ.

ಹರಿಶ್ಚಂದ್ರನ ಕಥೆ ನಾನು ಮೊದಲು ಕೇಳಿದ್ದು ಅಜ್ಜಿಯಿಂದ. ಸುಡುಗಾಡು, ಚಂದ್ರಮತಿ, ಹಾವು ಕಚ್ಚಿದ ಲೋಹಿತಾಶ್ವ. ನಿಮಗೂ ಗೊತ್ತಿರುವುದೇ. ಯಾರಾದರೂ ಸ್ವಲ್ಪ ಜಾಸ್ತಿ ನ್ಯಾಯ ಮಾತಾಡಿದರೆ “ನೀನೇನು ಸತ್ಯಹರಿಶ್ಚಂದ್ರನಾ?” ಎಂದು ಈಗಲೂ ಕೇಳುತ್ತೇವೆ. ಸುಮಾರು 800 ವರ್ಷದ ಹಿಂದೆ ಹಂಪೆಯ ರಾಘವಾಂಕ ಅವನ ಕಥೆಯನ್ನು ಷಟ್ಪದಿಯಲ್ಲಿ ಕಟ್ಟಿದ ಮೇಲೆ ಆ ರಾಜ ಕನ್ನಡದ ಮನೆಮಗನೇ ಆಗಿಹೋದ.

ಇವತ್ತು ನಾನು ಮಾತಾಡುವುದು ಅವನಿಗಿಂತ ಬಹಳ ಹಳೆಯ ಹರಿಶ್ಚಂದ್ರನ ಬಗ್ಗೆ. ಋಗ್ವೇದಕ್ಕೆ ಸೇರಿದ ಐತರೇಯ ಬ್ರಾಹ್ಮಣ ಎಂಬ ಗ್ರಂಥವಿದೆ. ಬ್ರಾಹ್ಮಣ ಅಂದರೆ ಇಲ್ಲಿ ಜಾತಿಯ ಹೆಸರಲ್ಲ. ಯಜ್ಞವನ್ನು ಹೇಗೆ ಮಾಡಬೇಕು, ಯಾಕೆ ಹಾಗೇ ಮಾಡಬೇಕು ಎಂದು ಬಿಡಿಸಿ ಹೇಳುವ ಗದ್ಯ. ಕ್ರಿಸ್ತಪೂರ್ವದ್ದು. ಅದರ ಏಳನೇ ಪಂಚಿಕೆಯಲ್ಲಿ, ಅಂದರೆ ಏಳನೇ ಭಾಗದಲ್ಲಿ, 13ರಿಂದ 18ನೇ ಖಂಡದವರೆಗೆ, ಒಂದು ಕಥೆ ಬರುತ್ತದೆ. ಶುನಃಶೇಪನ ಕಥೆ ಅಂತಲೇ ಅದಕ್ಕೆ ಹೆಸರು. ಅದರಲ್ಲಿ ರಾಜ ಹರಿಶ್ಚಂದ್ರನೇ. ಆದರೆ ಈ ಹರಿಶ್ಚಂದ್ರ ಕೊಟ್ಟ ಮಾತನ್ನು ಮುಂದೂಡುತ್ತಾನೆ. ಒಂದು ಸಲ ಅಲ್ಲ, ಐದು ಸಲ.

ನನಗೂ ಹಂಪೆಗೂ ಏನೂ ಸಂಬಂಧವಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಸತ್ಯವಂತ ಹರಿಶ್ಚಂದ್ರನನ್ನು ಹಾಡಿದ ರಾಘವಾಂಕ ಹಂಪೆಯವನು. ಐತರೇಯ ಬ್ರಾಹ್ಮಣಕ್ಕೆ ಭಾಷ್ಯ ಬರೆದ ಸಾಯಣಾಚಾರ್ಯರು 14ನೇ ಶತಮಾನದಲ್ಲಿ ಇದ್ದದ್ದೂ ವಿಜಯನಗರದ ಆಶ್ರಯದಲ್ಲೇ. ಇಬ್ಬರು ಹರಿಶ್ಚಂದ್ರರೂ ಒಂದೇ ಕಲ್ಲುಬಂಡೆಗಳ ಊರಿನಲ್ಲಿ ಓಡಾಡಿದ್ದಾರೆ!

ಸರಿ, ಕಥೆಗೆ ಬರೋಣ.

ಹರಿಶ್ಚಂದ್ರನಿಗೆ 100 ಜನ ಹೆಂಡತಿಯರು. ಮಕ್ಕಳಿಲ್ಲ. ಅವನ ಮನೆಯಲ್ಲಿ ಪರ್ವತ, ನಾರದ ಎಂಬ ಇಬ್ಬರು ಋಷಿಗಳು ಇದ್ದರು. ರಾಜ ನಾರದನನ್ನು ಕೇಳುತ್ತಾನೆ: “ತಿಳಿದವರೂ ಮಗ ಬೇಕು ಅಂತಾರೆ, ತಿಳಿಯದವರೂ ಬೇಕು ಅಂತಾರೆ. ಮಗನಿಂದ ಏನು ಸಿಗುತ್ತೆ, ಹೇಳು.” ಒಂದು ಪದ್ಯದಲ್ಲಿ ಕೇಳಿದ, ನಾರದ ಹತ್ತು ಪದ್ಯದಲ್ಲಿ ಹೇಳಿದ. ನಾರದರ ಅಭ್ಯಾಸ ಆಗಲೇ ಶುರುವಾಗಿತ್ತು ಅನ್ನಿ.

ಆ ಹತ್ತು ಪದ್ಯಗಳಲ್ಲಿ ಎರಡನ್ನು ನೀವು ಗಮನಿಸಬೇಕು. ಒಂದು, ಹುಟ್ಟಿ ಬದುಕಿರುವ ಮಗನ ಮುಖವನ್ನು ತಂದೆ ನೋಡಿದರೆ ಸಾಕು, ಅವನ ಋಣ ತೀರುತ್ತದೆ, ಅವನು ಅಮೃತನಾಗುತ್ತಾನೆ. ಇನ್ನೊಂದು, ಅನ್ನ ಪ್ರಾಣ, ಬಟ್ಟೆ ಆಸರೆ, ಹೆಂಡತಿ ಗೆಳತಿ, ಮಗ ಆಕಾಶದ ಬೆಳಕು, ಮಗಳು ಸಂಕಟ. ಮೂಲದಲ್ಲಿ ‘ಕೃಪಣಂ ಹ ದುಹಿತಾ’. ಈ ಎರಡನೆಯದರ ಬಗ್ಗೆ ನಾನು ಏನನ್ನೂ ಸೇರಿಸುವುದಿಲ್ಲ. ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಹೆಣ್ಣುಮಕ್ಕಳ ಮುಖವೇ ಉತ್ತರ ಹೇಳುತ್ತಿದೆ.

ಮೊದಲನೆಯದು ಮಾತ್ರ ಕಥೆಗೆ ಕೀಲಿ. ನಾರದ ಸಲಹೆ ಕೊಡುತ್ತಾನೆ: ವರುಣನ ಹತ್ತಿರ ಹೋಗು, ನನಗೆ ಮಗ ಹುಟ್ಟಲಿ, ಅವನನ್ನೇ ನಿನಗೆ ಬಲಿ ಕೊಡ್ತೀನಿ ಅಂತ ಹೇಳು. ಚಿಕ್ಕವನಾಗಿದ್ದಾಗ ಇದನ್ನು ಕೇಳಿದ್ದರೆ ನಾನು ಖಂಡಿತ ‘ಹೂಂ’ ಅನ್ನುತ್ತಿರಲಿಲ್ಲ. ಮಗ ಬೇಕು ಅನ್ನುವವನು ಅವನನ್ನೇ ಕೊಟ್ಟುಬಿಟ್ಟರೆ ಬಂದ ಭಾಗ್ಯವೇನು? ಆದರೆ ನಾರದನ ಪದ್ಯವನ್ನು ಇನ್ನೊಮ್ಮೆ ಓದಿ. ಮುಖ ನೋಡಿದರೆ ಸಾಕು. ಅಷ್ಟಕ್ಕೆ ಋಣ ಚುಕ್ತಾ. ಮಗ ಬಾಳಬೇಕು ಅಂತ ಪದ್ಯ ಎಲ್ಲೂ ಹೇಳಿಲ್ಲ. ಅಂದರೆ ಈ ಹರಕೆಯಲ್ಲಿ ಲೆಕ್ಕದ ತಪ್ಪೇನೂ ಇಲ್ಲ. ಮಗ ಒಂದು ರಸೀದಿ. ಒಮ್ಮೆ ತೋರಿಸಿದರೆ ಕೆಲಸ ಮುಗಿಯಿತು. ನನಗೆ ಭಯ ಹುಟ್ಟಿಸುವುದು ಇದೇ. ಈ ಹರಕೆ ಹುಚ್ಚುತನದಿಂದ ಹುಟ್ಟಿದ್ದಲ್ಲ, ಬಹಳ ಅಚ್ಚುಕಟ್ಟಾದ ಯೋಚನೆಯಿಂದ ಹುಟ್ಟಿದೆ.

ಗೋವಿನ ಹಾಡು ನೆನಪಿದೆಯಲ್ಲ? ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟಳು, ಮಾತಿನಂತೆ ವಾಪಸ್ ಬಂದಳು. ನಾವೆಲ್ಲ ಕಣ್ಣೊರೆಸಿಕೊಂಡೆವು. ಅವಳು ಅಡವಿಟ್ಟದ್ದು ತನ್ನ ಜೀವ. ಕರುವನ್ನು ಕೊಡ್ತೀನಿ ಅಂತ ಹೇಳಿ ಬಂದಿದ್ದರೆ ಆ ಹಾಡನ್ನು ಯಾವ ತಾಯಿಯೂ ಮಗುವಿಗೆ ಹೇಳುತ್ತಿರಲಿಲ್ಲ. ಹರಿಶ್ಚಂದ್ರ ಕೊಟ್ಟ ಮಾತು ಇಂಥದ್ದು, ಬೇರೆಯವರ ಜೀವದ ಮೇಲೆ ಕೊಟ್ಟದ್ದು. ಅಂಥ ಮಾತನ್ನು ಉಳಿಸಿಕೊಂಡರೆ ಸತ್ಯವಂತನೋ, ಮುರಿದರೆ ಸತ್ಯವಂತನೋ? ಕಥೆ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಕೇಳದೆ ಅದರ ಸುತ್ತ ಓಡಾಡುತ್ತದೆ.

ಮಗ ಹುಟ್ಟಿದ. ರೋಹಿತ ಅಂತ ಹೆಸರು. ತಾಯಿ ಯಾರು? 100 ಜನರಲ್ಲಿ ಯಾರೋ. ಕಥೆಗೆ ಅವಳು ಬೇಕಾಗಿಲ್ಲ. ವರುಣ ಬಂದ: “ಹುಟ್ಟಿದನಲ್ಲ, ಕೊಡು.” ಹರಿಶ್ಚಂದ್ರ ಹೇಳಿದ: “ಪಶುವಿಗೆ ಹತ್ತು ದಿನ ಕಳೆದ ಮೇಲೆ ತಾನೇ ಅದು ಬಲಿಗೆ ಯೋಗ್ಯ? ಹತ್ತು ದಿನ ಆಗಲಿ.” ವರುಣ ‘ತಥಾ’ ಎಂದ. ಹಾಗೇ ಆಗಲಿ ಅಂತ. ಹತ್ತು ದಿನ ಆಯಿತು. “ಹಲ್ಲು ಬರಲಿ.” ತಥಾ. ಹಲ್ಲು ಬಂತು. “ಹಲ್ಲು ಬೀಳಲಿ.” ತಥಾ. ಬಿತ್ತು. “ಮತ್ತೆ ಹುಟ್ಟಲಿ.” ತಥಾ. ಹುಟ್ಟಿತು. “ಕ್ಷತ್ರಿಯನಲ್ಲವೇ, ಆಯುಧ ಹಿಡಿಯುವ ಹಾಗಾಗಲಿ.” ತಥಾ.

ಈ ಭಾಗ ಓದುವಾಗ ನನಗೆ ನಗು ಬರುತ್ತದೆ, ಹಿಂದೆಯೇ ಗಂಟಲು ಕಟ್ಟುತ್ತದೆ. ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ನಾಳೆ ಬಾ ಅನ್ನುವ ಮನೆಯವನ ದನಿ ಇದೆಯಲ್ಲ, ಥೇಟ್ ಅದೇ. ಆದರೆ ಅವನು ಎಣಿಸುತ್ತಿರುವುದು ಏನನ್ನು ನೋಡಿ. ಹಲ್ಲುಗಳನ್ನು. ಮಗುವಿಗೆ ಹಲ್ಲು ಬಂದದ್ದು, ಬಿದ್ದದ್ದು, ಮತ್ತೆ ಹುಟ್ಟಿದ್ದು, ಇದನ್ನೆಲ್ಲ ಎಣಿಸುವವನು ಅಪ್ಪ. ಅದನ್ನು ಹೇಳುವ ಭಾಷೆ ಮಾತ್ರ ಪಶು ಕೊಳ್ಳುವವನದು. ಸಂತೆಯಲ್ಲಿ ದನದ ಬಾಯಿ ತೆರೆದು ಹಲ್ಲು ನೋಡುತ್ತಾರಲ್ಲ, ಆ ಭಾಷೆ. ಒಂದೇ ಬಾಯಲ್ಲಿ ಎರಡೂ ಇವೆ. ಈ ಸಾಲುಗಳನ್ನು ಕಟ್ಟಿದವನು ದೊಡ್ಡ ಕಥೆಗಾರ, ಅದರಲ್ಲಿ ನನಗೆ ಸಂಶಯವಿಲ್ಲ.

ಬೈಬಲ್ಲಿನ ಅಬ್ರಹಾಮ ಮಗನನ್ನು ಬಲಿಗೆ ಕರೆದೊಯ್ಯಲು ಬೆಳಗಾಗುತ್ತಲೇ ಎದ್ದು ಕತ್ತೆಗೆ ತಡಿ ಬಿಗಿಯುತ್ತಾನೆ. ನನಗೆ ಅವನಿಗಿಂತ ಈ ಸುಳ್ಳುಬುರುಕ ರಾಜನೇ ಇಷ್ಟ. ನೆವ ಹೇಳುವ ಅಪ್ಪ ಕೊನೇಪಕ್ಷ ಅಪ್ಪ.

ಆಮೇಲೆ ನೆವ ಮುಗಿಯಿತು. ರಾಜ ವರುಣನಿಗೆ ‘ತಥಾ’ ಎಂದು ಮಗನನ್ನು ಕರೆದ. “ಅಪ್ಪಾ, ನಿನ್ನನ್ನು ನನಗೆ ಕೊಟ್ಟವನು ಇವನೇ. ನಿನ್ನನ್ನೇ ಇವನಿಗೆ ಬಲಿ ಕೊಡ್ತೀನಿ.” ಮಗನನ್ನು ‘ತತ’ ಎಂದು ಕರೆಯುತ್ತಾನೆ, ಅಂದರೆ ಅಪ್ಪ. ನಾವೂ ಮಕ್ಕಳನ್ನು “ಬಾರಪ್ಪಾ” ಅನ್ನುತ್ತೇವಲ್ಲ, ಹಾಗೆ. ರೋಹಿತ ಒಂದೇ ಮಾತು ಹೇಳಿದ. “ಇಲ್ಲ.” ಬಿಲ್ಲು ತಗೊಂಡ, ಕಾಡಿಗೆ ಹೋದ.

ವರುಣ ರಾಜನನ್ನು ಹಿಡಿದ. ಹೊಟ್ಟೆ ಊದಿಕೊಂಡಿತು. ಸುದ್ದಿ ಕೇಳಿ ಮಗ ಕಾಡಿನಿಂದ ಊರ ಕಡೆ ಹೊರಟಾಗ ಇಂದ್ರ ಮನುಷ್ಯ ವೇಷದಲ್ಲಿ ಅಡ್ಡ ಬಂದು ‘ಚರೈವ’ ಎಂದ. ನಡೀತಾ ಇರು, ನಿಲ್ಲಬೇಡ. ಐದು ವರ್ಷ, ಐದು ಸಲ ಹೀಗೇ ಆಯಿತು. ಎಷ್ಟೋ ಸಂಸ್ಥೆಗಳ ಗೋಡೆಯ ಮೇಲೆ, ಭಾಷಣಗಳ ಕೊನೆಯಲ್ಲಿ ‘ಚರೈವೇತಿ ಚರೈವೇತಿ’ ಎಂದು ಓದಿರುತ್ತೀರಿ. ಕೂತವನ ಭಾಗ್ಯ ಕೂತಿರುತ್ತದೆ, ನಡೆಯುವವನ ಭಾಗ್ಯ ನಡೆಯುತ್ತದೆ, ದಣಿವಿಲ್ಲದ ಸೂರ್ಯನನ್ನು ನೋಡು. ಚೆಂದದ ಪದ್ಯಗಳು. ಅವು ಹುಟ್ಟಿದ ಜಾಗ ಮಾತ್ರ ಇದು: ಕಾಯಿಲೆ ಬಿದ್ದ ಅಪ್ಪನನ್ನು ನೋಡಲು ಹೊರಟ ಹುಡುಗನಿಗೆ ಮನೆಗೆ ಹೋಗಬೇಡ ಅಂತ ಹೇಳಿದ ಮಾತು. ಹೋದರೆ ಸಾಯುತ್ತಾನೆ, ಹೋಗದಿದ್ದರೆ ಅಪ್ಪ ಸಾಯುತ್ತಾನೆ. ಒಬ್ಬ ದೇವರು ಸಾಲ ವಸೂಲಿಗೆ ನಿಂತಿದ್ದಾನೆ, ಇನ್ನೊಬ್ಬ ದೇವರು ಜಾಮೀನುದಾರನನ್ನು ಓಡಿಸುತ್ತಿದ್ದಾನೆ. ಇಂದ್ರ ಇದನ್ನು ಕರುಣೆಯಿಂದ ಮಾಡಿದನೋ, ವರುಣನ ಮೇಲಿನ ಹಠಕ್ಕೆ ಮಾಡಿದನೋ? ಕಥೆ ಬಾಯಿ ಬಿಡುವುದಿಲ್ಲ.

ಆರನೇ ವರ್ಷ ರೋಹಿತನಿಗೆ ಕಾಡಿನಲ್ಲಿ ಅಜೀಗರ್ತ ಎಂಬ ಋಷಿ ಸಿಕ್ಕ. ಹಸಿದು ಕಂಗಾಲಾದವನು. ಅವನಿಗೆ ಮೂವರು ಗಂಡುಮಕ್ಕಳು. ಶುನಃಪುಚ್ಛ, ಶುನಃಶೇಪ, ಶುನೋಲಾಂಗೂಲ. ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಅರ್ಥ, ನಾಯಿಬಾಲ. ರೋಹಿತ ಹೇಳಿದ: “ಋಷಿಯೇ, 100 ಹಸು ಕೊಡ್ತೀನಿ. ಇವರಲ್ಲಿ ಒಬ್ಬನನ್ನು ಕೊಡು, ನನ್ನನ್ನು ಬಿಡಿಸಿಕೊಳ್ತೀನಿ.”

ಅಪ್ಪ ದೊಡ್ಡವನನ್ನು ಹಿಡಿದುಕೊಂಡು “ಇವನನ್ನಂತೂ ಇಲ್ಲ” ಎಂದ. ಅಮ್ಮ ಚಿಕ್ಕವನನ್ನು ಹಿಡಿದುಕೊಂಡು “ಇವನನ್ನೂ ಇಲ್ಲ” ಎಂದಳು. ನಡುವಿನವನ ಮೇಲೆ ಒಪ್ಪಂದವಾಯಿತು.

ಮೂಲದಲ್ಲಿ ಇದು ಮೂರು ಸಾಲೂ ಇಲ್ಲ. ಆ ಜಾಗದಲ್ಲಿ ನಿಂತು ನೋಡಿ. ಗುಡಿಸಲ ಮುಂದೆ ಆ ಮನೆಯ ಐದು ಜನ. ಎರಡು ಜೊತೆ ಕೈಗಳು ಇಬ್ಬರು ಹುಡುಗರನ್ನು ಹಿಡಿದಿವೆ. ಒಬ್ಬನ ಮೈಮೇಲೆ ಯಾರ ಕೈಯೂ ಇಲ್ಲ. ಅವನನ್ನು ಮಾರಿದ್ದು ಮಾತಿನಿಂದಲ್ಲ. ಯಾರೂ “ಇವನನ್ನು ತಗೋ” ಅಂತ ಹೇಳಲೇ ಇಲ್ಲ. ಹಿಡಿದುಕೊಳ್ಳದೆ ಬಿಟ್ಟರು, ಅಷ್ಟೇ. ಅಂಗಿಯ ಲೆಕ್ಕ ಹೇಳಿದ್ದು ಇದಕ್ಕೇ. ಮೊದಲ ಸಲ ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಅಣ್ಣನಿಗೆ ಫೋನ್ ಮಾಡಿದ್ದೆ. ಅವನಿಗೆ ಏನೂ ಅರ್ಥವಾಗಲಿಲ್ಲ. ದೊಡ್ಡವರಿಗೆ ಅರ್ಥವಾಗುವುದಿಲ್ಲ.

ರೋಹಿತನನ್ನೂ ಸುಮ್ನೆ ಬಿಡಬಾರದು. ತನ್ನ ಅಪ್ಪ ತನ್ನನ್ನು ಕೊಡಲು ಹೊರಟಾಗ “ಇಲ್ಲ” ಅಂದವನು ಇವನೇ. ಆ ‘ಇಲ್ಲ’ ಎಷ್ಟು ಖುಷಿ ಕೊಟ್ಟಿತ್ತು ನಮಗೆ! ಆರು ವರ್ಷ ನಡೆದು ಅವನು ಕಲಿತದ್ದು ಇಷ್ಟೇ, ಬೇರೆ ಅಪ್ಪನ ಹತ್ತಿರ ಹೋಗಿ ಬೇರೆ ಮಗನನ್ನು ಕೇಳುವುದು. ಅವನ ಹತ್ತಿರ ಹಸುಗಳಿದ್ದವು, ಅಜೀಗರ್ತನ ಹತ್ತಿರ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ವರುಣ ಒಪ್ಪಿದನೇ? ಒಪ್ಪಿದ. “ಕ್ಷತ್ರಿಯನಿಗಿಂತ ಬ್ರಾಹ್ಮಣ ಹೆಚ್ಚಿನವನು” ಎಂದ. ಜಗತ್ತಿನ ಋತವನ್ನು, ಅಂದರೆ ನೇರವಾದ ನಡೆಯನ್ನು ಕಾಯುವ ದೇವರು ಇವನು. ಸುಳ್ಳಾಡಿದವನನ್ನು ಪಾಶದಿಂದ ಕಟ್ಟುವವನು. ಅವನಿಗೆ ಮಾತು ಕೊಟ್ಟದ್ದು ಹರಿಶ್ಚಂದ್ರ, ಕೊಡಬೇಕಾದ್ದು ಹರಿಶ್ಚಂದ್ರನ ಮಗ. ಬಂದದ್ದು ಕಾಡಿನ ಹಸಿದವನ ಮಗ. ಆದರೂ ವರುಣನಿಗೆ ನಷ್ಟವಿಲ್ಲ, ಲಾಭವೇ. ಹಾಗಾದರೆ ಇಷ್ಟು ವರ್ಷ ಅವನು ಕೇಳಿದ್ದು ಸತ್ಯವನ್ನೋ, ಸರಕನ್ನೋ?

ಈಗ ಯಜ್ಞಶಾಲೆಗೆ ಬನ್ನಿ. ರಾಜಸೂಯ. ಪುರೋಹಿತರ ಪಟ್ಟಿ ನೋಡಿದರೆ ಕೈಮುಗಿಯಬೇಕು. ಹುದ್ದೆಯ ಹೆಸರು ಮೊದಲು, ಅದರಲ್ಲಿ ಕೂತವನ ಹೆಸರು ಆಮೇಲೆ ಹೇಳುತ್ತೇನೆ. ಹೋತೃ ವಿಶ್ವಾಮಿತ್ರ, ಅಧ್ವರ್ಯು ಜಮದಗ್ನಿ, ಬ್ರಹ್ಮ ವಸಿಷ್ಠ, ಉದ್ಗಾತೃ ಅಯಾಸ್ಯ. ಹುಡುಗನನ್ನು ಕಂಬಕ್ಕೆ ಕಟ್ಟಬೇಕು. ಕಟ್ಟುವವರು ಯಾರೂ ಸಿಗಲಿಲ್ಲ. ಅಜೀಗರ್ತ ಮುಂದೆ ಬಂದ: “ಇನ್ನೂ 100 ಕೊಡಿ, ನಾನು ಕಟ್ತೀನಿ.” ಕೊಟ್ಟರು, ಕಟ್ಟಿದ. ಮಂತ್ರ ಹೇಳಿದರು, ಬೆಂಕಿಯನ್ನು ಸುತ್ತು ತಂದರು. ಕಡಿಯುವವರು ಯಾರೂ ಸಿಗಲಿಲ್ಲ. ಅಜೀಗರ್ತ: “ಇನ್ನೂ 100 ಕೊಡಿ, ನಾನು ಕಡೀತೀನಿ.” ಕೊಟ್ಟರು. ಕತ್ತಿ ಮಸೆಯುತ್ತಾ ಬಂದ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಕಥೆಯ ಬಗ್ಗೆ ಯಾರು ಬರೆದರೂ ಅಜೀಗರ್ತನನ್ನು ಬೈಯುತ್ತಾರೆ. ಬೈಯಲಿ. ಆದರೆ ‘ಯಾರೂ ಸಿಗಲಿಲ್ಲ’ ಎಂಬ ಮಾತನ್ನು ಇನ್ನೊಮ್ಮೆ ಓದಿ. ಕಟ್ಟುವುದಕ್ಕೆ ಯಾರೂ ಸಿಗಲಿಲ್ಲ. ಸರಿ. ನಿಲ್ಲಿಸುವುದಕ್ಕೆ? ಅದಕ್ಕೂ ಯಾರೂ ಸಿಗಲಿಲ್ಲ! ಕೈ ಹಾಕಲು ಎಲ್ಲರಿಗೂ ಅಸಹ್ಯ. ಮಂತ್ರ ಹೇಳಲು ಯಾರಿಗೂ ಅಸಹ್ಯವಿಲ್ಲ. ನಾಲ್ವರು ಮಹರ್ಷಿಗಳು ತಮ್ಮ ತಮ್ಮ ಜಾಗದಲ್ಲಿ ಕೂತೇ ಇದ್ದಾರೆ. ಹಗ್ಗ ಮುಟ್ಟಲಿಲ್ಲ, ಹಾಗಾಗಿ ಅವರ ಕೈ ಶುದ್ಧ. ಕೊಳಕು ಕೆಲಸಕ್ಕೆ ಒಬ್ಬ ಬಡವ ಇದ್ದೇ ಇರುತ್ತಾನೆ, ದರ ಸರಿಯಾಗಿದ್ದರೆ.

ಇನ್ನು ಆ 300 ಹಸುಗಳ ಲೆಕ್ಕ. ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ, 105ನೇ ಶ್ಲೋಕದಲ್ಲಿ, ಅಜೀಗರ್ತನ ಹೆಸರು ಬರುತ್ತದೆ. ಆಪತ್ತಿನ ಕಾಲದಲ್ಲಿ ಏನು ಮಾಡಬಹುದು ಎಂಬ ಚರ್ಚೆ. ಹಸಿದ ಅಜೀಗರ್ತ ಮಗನನ್ನೇ ಕೊಲ್ಲಲು ಹೊರಟ, ಆದರೂ ಅವನಿಗೆ ಪಾಪ ಅಂಟಲಿಲ್ಲ, ಏಕೆಂದರೆ ಅವನು ಮಾಡಿದ್ದು ಹಸಿವಿಗೆ ಪರಿಹಾರ ಎಂದು ಮನು ತೀರ್ಪು ಕೊಡುತ್ತಾನೆ. ಹಸಿವು ಎಂಥದ್ದು ಅಂತ ಹೊಟ್ಟೆ ತುಂಬಿದ ನಾನು ವಾದ ಮಾಡುವುದಿಲ್ಲ. ಬರಗಾಲದಲ್ಲಿ ಮಕ್ಕಳನ್ನು ಮಾರಿದ ಅಪ್ಪ ಅಮ್ಮಂದಿರ ಕಥೆ ನಮ್ಮ ನೆಲದಲ್ಲೂ ಇವೆ. ಮೊದಲ 100 ಹಸು ಹಸಿವಿನದು, ಒಪ್ಪಿದೆ. ಆದರೆ 100 ಹಸು ಕೊಟ್ಟಿಗೆಗೆ ಬಂದ ಮೇಲೆ ಯಾವ ಹಸಿವು ಉಳಿಯಿತು? ಎರಡನೇ 100, ಮೂರನೇ 100? ಮನು ಇದನ್ನು ಎಣಿಸಲಿಲ್ಲ. ಕಥೆ ಎಣಿಸಿದೆ. ಬೇಕೆಂದೇ ಮೂರು ಕಂತು ಮಾಡಿದೆ. ಮಾರುವುದಕ್ಕೆ ಒಂದು, ಕಟ್ಟುವುದಕ್ಕೆ ಒಂದು, ಕಡಿಯುವುದಕ್ಕೆ ಒಂದು. ಹಸಿವು ಎಲ್ಲಿ ಮುಗಿದು ಆಸೆ ಎಲ್ಲಿ ಶುರುವಾಯಿತು ಅಂತ ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದು.

ಹುಡುಗನಿಗೆ ಆಗ ಹೊಳೆಯುತ್ತದೆ: “ನಾನು ಮನುಷ್ಯನೇ ಅಲ್ಲವೇನೋ ಎಂಬ ಹಾಗೆ ಇವರು ನನ್ನನ್ನು ಕಡೀತಾರೆ.” ಇಡೀ ಕಥೆಯಲ್ಲಿ ಅವನು ಮನುಷ್ಯ ಅಂತ ನೆನಪಿಸಿದ್ದು ಅವನೊಬ್ಬನೇ. ದೇವರುಗಳ ಮೊರೆ ಹೋಗುತ್ತಾನೆ. ಪ್ರಜಾಪತಿ ಹೇಳಿದ, ಅಗ್ನಿಯನ್ನು ಕೇಳು. ಅಗ್ನಿ ಹೇಳಿದ, ಸವಿತೃವನ್ನು ಕೇಳು. ಸವಿತೃ ಹೇಳಿದ, ನಿನ್ನನ್ನು ಕಟ್ಟಿರುವುದು ವರುಣನಿಗಾಗಿ, ಅವನನ್ನೇ ಕೇಳು. ವರುಣ ಹೇಳಿದ, ಅಗ್ನಿ ದೇವರ ಬಾಯಿ, ಮೊದಲು ಅವನನ್ನು ಸ್ತುತಿಸು. ಮತ್ತೆ ಅಗ್ನಿ, ಅಲ್ಲಿಂದ ವಿಶ್ವೇದೇವರು, ಅಲ್ಲಿಂದ ಇಂದ್ರ, ಅಶ್ವಿನಿಗಳು, ಕೊನೆಗೆ ಉಷೆ. ಸರ್ಕಾರಿ ಕಚೇರಿಯಲ್ಲಿ ಒಂದು ಸಹಿಗೆ ಅಲೆದವರಿಗೆ ಈ ದಾರಿ ಪರಿಚಯವಿರುತ್ತದೆ. ಪ್ರತಿ ಟೇಬಲ್ಲಿನವರೂ ಒಳ್ಳೆಯವರೇ, ಫೈಲು ಮಾತ್ರ ಮುಂದಿನ ಟೇಬಲ್ಲಿನದು. ಉಷೆಯ ಒಂದೊಂದು ಋಕ್ಕು, ಅಂದರೆ ಸ್ತುತಿಯ ಮಂತ್ರ, ಹೇಳಿದಂತೆ ಒಂದೊಂದು ಕಟ್ಟು ಸಡಿಲವಾಯಿತು. ರಾಜನ ಹೊಟ್ಟೆಯೂ ಅಷ್ಟಷ್ಟೇ ಇಳಿಯಿತು. ಕೊನೆಯ ಋಕ್ಕಿಗೆ ಹಗ್ಗ ಬಿಚ್ಚಿತು, ರಾಜನಿಗೆ ಗುಣವಾಯಿತು.

ಈ ಋಕ್ಕುಗಳು ಋಗ್ವೇದದ ಮೊದಲ ಮಂಡಲದಲ್ಲಿ, 24ರಿಂದ 30ನೇ ಸೂಕ್ತದವರೆಗೆ ಇವೆ. ಒಟ್ಟು 97. ಅಲ್ಲಿ ಶುನಃಶೇಪನನ್ನು ಮೂರು ಕಂಬಗಳಿಗೆ ಕಟ್ಟಿದ್ದರು, ವರುಣ ಬಿಡಿಸಲಿ ಎಂಬ ಮಾತಿದೆ. ಅಪ್ಪ ಇಲ್ಲ, ಕತ್ತಿ ಇಲ್ಲ, ಹಸುಗಳ ಲೆಕ್ಕವೂ ಇಲ್ಲ.

ಇದು ನರಬಲಿಯನ್ನು ನಿಲ್ಲಿಸಿದ ಕಥೆ ಅಂತ ಹೇಳುವವರಿದ್ದಾರೆ. ಅವರ ಪಕ್ಷದಲ್ಲೂ ಬಲವಿದೆ. ಇದೇ ಐತರೇಯದ ಎರಡನೇ ಪಂಚಿಕೆಯಲ್ಲಿ ಒಂದು ವಿಚಿತ್ರ ಮಾತು ಬರುತ್ತದೆ. ದೇವತೆಗಳು ಮೊದಲು ಮನುಷ್ಯನನ್ನು ಬಲಿಗೆ ಹಿಡಿದರಂತೆ. ಬಲಿಯ ಸತ್ವ ಅವನಿಂದ ಕುದುರೆಗೆ ಹೋಯಿತು, ಕುದುರೆಯಿಂದ ಎತ್ತಿಗೆ, ಕುರಿಗೆ, ಆಡಿಗೆ, ಕೊನೆಗೆ ಭೂಮಿಗೆ ಇಳಿದು ಭತ್ತವಾಯಿತಂತೆ. ಅಂದರೆ ಪುರೋಡಾಶ ಎಂಬ ಅಕ್ಕಿ ಹಿಟ್ಟಿನ ರೊಟ್ಟಿ ಕೊಟ್ಟರೂ ಆಯಿತು. ಇದು ಒಳ್ಳೆಯ ದಾರಿ. ಆದರೆ ಶುನಃಶೇಪನ ಕಥೆಯಲ್ಲಿ ಯಾರೊಬ್ಬರೂ ಮನುಷ್ಯನನ್ನು ಬಲಿ ಕೊಡಬಾರದು ಅಂತ ಹೇಳುವುದಿಲ್ಲ. ಅಪ್ಪ ಮಗನನ್ನು ಕಡಿಯಬಾರದಿತ್ತು ಅಂತ ಮಾತ್ರ ಹೇಳುತ್ತಾರೆ. ಎರಡೂ ಒಂದೇ ಅಲ್ಲ, ಅಲ್ವಾ?

ಬಿಡುಗಡೆಯಾದ ಹುಡುಗ ಹೋಗಿ ವಿಶ್ವಾಮಿತ್ರನ ತೊಡೆಯ ಮೇಲೆ ಕೂತ. ಅಜೀಗರ್ತ ಬಂದು “ನನ್ನ ಮಗನನ್ನು ಕೊಡು” ಎಂದ. ಆಮೇಲೆ ನಡೆಯುವ ಜಗಳ ಪದ್ಯದಲ್ಲಿದೆ. ಅಪ್ಪ ಹೇಳುತ್ತಾನೆ: ನೀನು ಆಂಗಿರಸ ಕುಲದವನು, ಅಜ್ಜನ ವಂಶ ಬಿಟ್ಟು ಹೋಗಬೇಡ, ವಾಪಸ್ ಬಾ. ಮಗ ಹೇಳುತ್ತಾನೆ: “ನಿನ್ನ ಕೈಯಲ್ಲಿ ಕತ್ತಿ ಇದ್ದದ್ದನ್ನು ಎಲ್ಲರೂ ನೋಡಿದ್ದಾರೆ. ಶೂದ್ರರಲ್ಲೂ ಅಂಥದ್ದು ಕಾಣಲಿಲ್ಲ. ನನಗಿಂತ ನಿನಗೆ 300 ಹಸು ಹೆಚ್ಚಾಯಿತು.” ಅಪ್ಪ: “ಮಗೂ, ನಾನು ಮಾಡಿದ್ದು ನನ್ನನ್ನೇ ಸುಡುತ್ತಿದೆ. ಆ ಹಸುಗಳೆಲ್ಲ ನಿನಗೇ ಇರಲಿ.” ಮಗ: “ಒಮ್ಮೆ ಮಾಡಿದವನು ಇನ್ನೊಮ್ಮೆಯೂ ಮಾಡಿಯಾನು. ನೀನು ಮಾಡಿದ್ದು ಮತ್ತೆ ಕೂಡಿಸಲು ಬಾರದ್ದು.” ‘ಅಸಂಧೇಯ’ ಎಂಬುದು ಅವನ ಪದ. ಒಡೆದ ಗಡಿಗೆಗೆ ಬೆಸುಗೆ ಹಾಕಲಾಗದು ಅನ್ನುತ್ತೇವಲ್ಲ, ಅದು.

ಸಭೆಯಲ್ಲಿ ಹಿರಿಯರೊಬ್ಬರು ಇಲ್ಲಿ ಕೈ ಎತ್ತಿದರು. “ಆ ಕಾಲದ ಧರ್ಮ ಬೇರೆ, ಇವತ್ತಿನ ತಕ್ಕಡಿಯಲ್ಲಿ ತೂಗಬಾರದು, ಅಲ್ಲವೇ ಸ್ವಾಮಿ?” ಈ ಮಾತನ್ನು ಎಲ್ಲ ಕಡೆ ಕೇಳುತ್ತೇನೆ. ಸಾಮಾನ್ಯವಾಗಿ ಒಪ್ಪುತ್ತೇನೆ ಕೂಡ. ಆದರೆ ಇಲ್ಲಿ ತೂಗಿದ್ದು ನಾನಲ್ಲ. ಆ ಕಾಲದ ಹುಡುಗನೇ, ಆ ಕಾಲದ ಭಾಷೆಯಲ್ಲೇ, ಕೂಡಿಸಲಾಗದ್ದು ಎಂದು ಹೇಳಿದ್ದಾನೆ. ಗ್ರಂಥ ಅದನ್ನು ಬರೆದಿಟ್ಟಿದೆ. ತಕ್ಕಡಿ ಅಲ್ಲೇ ಇತ್ತು. ಒಬ್ಬನನ್ನು ಮಾತ್ರ ತೂಗಿತು ಅನ್ನುವುದು ನನ್ನ ದೂರು. ಹರಿಶ್ಚಂದ್ರನಿಗೆ ಯಾರೂ ಒಂದು ಮಾತು ಕೇಳಲಿಲ್ಲ, ಅವನ ಹೊಟ್ಟೆ ಇಳಿಯಿತು. ರೋಹಿತ ಮತ್ತೆ ಕಥೆಯಲ್ಲಿ ಕಾಣಿಸಲೇ ಇಲ್ಲ. ಪುರೋಹಿತರು ಬದುಕಿಕೊಂಡ ಹುಡುಗನಿಗೇ “ಇವತ್ತಿನ ಕರ್ಮವನ್ನು ನೀನೇ ಮುಗಿಸಿಕೊಡು” ಎಂದರು. ಅವನು ಮುಗಿಸಿಯೂ ಕೊಟ್ಟ!

ಹುಡುಗನ ಮಾತಿನಲ್ಲೂ ಒಂದು ಮುಳ್ಳಿದೆ. ಬ್ರಾಹ್ಮಣನೊಬ್ಬ ಮಾಡಿದ ಕೆಲಸವನ್ನು ಬೈಯಲು ಅವನಿಗೆ ಸಿಕ್ಕ ಪದ ‘ಶೂದ್ರ’. ಅವತ್ತು ಆ ಶಾಲೆಯಲ್ಲಿ ಕತ್ತಿ ಹಿಡಿದ ಶೂದ್ರ ಯಾರೂ ಇರಲಿಲ್ಲ.

ವಿಶ್ವಾಮಿತ್ರನ ದತ್ತು ಕೂಡ ಅಷ್ಟು ಮಧುರವಲ್ಲ. ಅವನಿಗೆ 101 ಮಕ್ಕಳು. ಹೊಸಬನನ್ನು ಹಿರಿಯ ಅಂತ ಒಪ್ಪಿ ಎಂದ. ನಡುವಿನವನಾದ ಮಧುಚ್ಛಂದ ಮತ್ತು ಅವನಿಗಿಂತ ಚಿಕ್ಕವರಾದ 50 ಜನ ಒಪ್ಪಿದರು. ದೊಡ್ಡವರಾದ 50 ಜನ ಒಪ್ಪಲಿಲ್ಲ. ಅವರಿಗೆ ಶಾಪ: ನಿಮ್ಮ ಸಂತಾನ ನಾಡಿನ ಅಂಚಿನಲ್ಲಿ ಬಾಳಲಿ. ಆಂಧ್ರರು, ಪುಂಡ್ರರು, ಶಬರರು, ಪುಲಿಂದರು, ಮೂತಿಬರು ಹೀಗೆ ಹುಟ್ಟಿದರು ಎಂದು ಗ್ರಂಥ ಹೇಳುತ್ತದೆ. ಒಬ್ಬ ಹುಡುಗನಿಗೆ ಮನೆ ಸಿಕ್ಕ ಖುಷಿಯಲ್ಲಿ ಐದು ಜನಾಂಗಗಳಿಗೆ ಹೊರಗಿನವರು ಎಂಬ ಹಣೆಪಟ್ಟಿ. ಯಾರ ಅನುಕೂಲಕ್ಕೆ ಈ ಶಾಪ ಅಂತ ಜಾಸ್ತಿ ಯೋಚಿಸಬೇಕಾಗಿಲ್ಲ.

ಮುಂದಿನವರಿಗೂ ಈ ಕಥೆ ಕಚ್ಚಿದೆ. ಇಲ್ಲದಿದ್ದರೆ ಇಷ್ಟು ತೇಪೆ ಹಾಕುತ್ತಿರಲಿಲ್ಲ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಹರಿಶ್ಚಂದ್ರ ಮಾಯ. ರಾಜ ಅಂಬರೀಷ. ಹರಕೆಯೂ ಇಲ್ಲ, ಇಂದ್ರ ಯಜ್ಞದ ಪಶುವನ್ನು ಕದ್ದದ್ದರಿಂದ ಬದಲಿಗೆ ಮನುಷ್ಯ ಬೇಕಾಯಿತು. ಅಪ್ಪ ಅಜೀಗರ್ತನಲ್ಲ, ಋಚೀಕ. ಬೆಲೆ 1 ಲಕ್ಷ ಹಸು. ಅಪ್ಪ ಕತ್ತಿ ಹಿಡಿಯುವುದೇ ಇಲ್ಲ. ಎಲ್ಲಕ್ಕಿಂತ ಜಾಣ ತೇಪೆ ಎಂದರೆ, ಹುಡುಗ ತಾನೇ ಎದ್ದು ನಿಲ್ಲುತ್ತಾನೆ. “ಅಪ್ಪ ದೊಡ್ಡವನನ್ನು ಮಾರಲ್ಲ ಅಂತಾನೆ, ಅಮ್ಮ ಚಿಕ್ಕವನನ್ನು ಮಾರಲ್ಲ ಅಂತಾಳೆ. ನಡುವಿನವನು ಮಾರಾಟವಾದ ಹಾಗಾಯಿತು. ರಾಜಾ, ನನ್ನನ್ನು ಕರಕೊಂಡು ಹೋಗು.” ಹೀಗೆ ಬಲಿಪಶುವೇ ಒಪ್ಪಿಗೆ ಕೊಟ್ಟುಬಿಟ್ಟರೆ ಉಳಿದವರಿಗೆಲ್ಲ ನಿರಾಳ. ಐತರೇಯದ ಹುಡುಗ ಇಂಥ ಉಪಕಾರ ಯಾರಿಗೂ ಮಾಡಲಿಲ್ಲ. ಅದಕ್ಕೇ ನನಗೆ ಹಳೆಯದೇ ಮೇಲು.

ಪ್ರಶ್ನೋತ್ತರದಲ್ಲಿ ಒಬ್ಬ ಹೆಣ್ಣುಮಗಳು ಕೇಳಿದಳು, ಆ ಅಮ್ಮ ಆಮೇಲೆ ಏನಾದಳು? ಗೊತ್ತಿಲ್ಲಮ್ಮ. ಅವಳಿಗೆ ಗ್ರಂಥ ಕೊಟ್ಟದ್ದು “ಇವನನ್ನೂ ಇಲ್ಲ” ಎಂಬ ಒಂದೇ ಮಾತು. ಹೆಸರು ಕೂಡ ಕೊಟ್ಟಿಲ್ಲ.

ಕೊನೆಗೆ ಒಂದು ವಿಷಯ. ಈ ಕಥೆಯನ್ನು ಎಲ್ಲಿ ಹೇಳಬೇಕು ಅಂತ ಗ್ರಂಥವೇ ಹೇಳಿದೆ. ರಾಜಸೂಯದಲ್ಲಿ, ಅಭಿಷೇಕವಾದ ಮೇಲೆ, ರಾಜನಿಗೆ. ಹೋತೃ ಚಿನ್ನದ ಆಸನದ ಮೇಲೆ ಕೂತು ಹೇಳುತ್ತಾನೆ. ಎದುರಿಗೆ ಇನ್ನೊಂದು ಚಿನ್ನದ ಆಸನದಲ್ಲಿ ಅಧ್ವರ್ಯು ಕೂತು ಹೂಂಗುಡಬೇಕು. ನಮ್ಮ ಅಜ್ಜಿಯ ಷರತ್ತೇ. ಋಕ್ಕು ಬಂದರೆ ‘ಓಂ’ ಅನ್ನಬೇಕು, ಅದು ದೇವರ ಮಾತು. ಗಾಥೆ, ಅಂದರೆ ಕಥೆಯ ನಡುವಿನ ಪದ್ಯ, ಬಂದರೆ ‘ತಥಾ’ ಅನ್ನಬೇಕು, ಅದು ಮನುಷ್ಯರ ಮಾತು. ಹುಡುಗ ಅಪ್ಪನಿಗೆ ಹೇಳಿದ್ದೆಲ್ಲ ಗಾಥೆ. “ನನಗಿಂತ ನಿನಗೆ 300 ಹಸು ಹೆಚ್ಚಾಯಿತು” ಎಂದು ಹೋತೃ ಹೇಳಿ ಮುಗಿಸುತ್ತಾನೆ. ಎದುರಿನಿಂದ ‘ತಥಾ’ ಎಂದು ಬರುತ್ತದೆ. ರಾಜ ಕೇಳುತ್ತಾ ಕೂತಿರುತ್ತಾನೆ.

ಕಥೆ ಮುಗಿದ ಮೇಲೆ ದಕ್ಷಿಣೆ. ಹೇಳಿದವನಿಗೆ 1000 ಹಸು. ಹೂಂಗುಟ್ಟಿದವನಿಗೆ 100.